ಸೂಲಗಿತ್ತಿ ಗೇಶೆಯ ಸಾಕ್ಷ್ಯ

ನನ್ನ ಅತ್ತೆ ಗೇಶೆ ನಮ್ಮ ಬಂದರು ಪಟ್ಟಣದ ಸೂಲಗಿತ್ತಿ. ಸುಳ್ಳು ಸಾಕ್ಷಿ ಹೇಳುವುದಿಲ್ಲವೆಂದು ಬೈಬಲ್ ಮುಟ್ಟಿ ಆ ಕೆಲಸಕ್ಕೆ ಸೇರಿದವಳು. ಮೀನು ಮಾರುವವಳಾಗಲಿ, ಮೇಯರನ ಹೆಂಡತಿಯಾಗಲಿ, "ತಿಣುಕು ಮಗಳೇ, ನಾಚಿಕೆ ಆಮೇಲೆ ಪಡು" ಎಂದು ಗದರಿಸಿಯೇ ಹೆರಿಗೆ ಮಾಡಿಸುತ್ತಿದ್ದಳು.

ಒಂದು ನವೆಂಬರ್ ಬೆಳಿಗ್ಗೆ ಅರಮನೆಯಿಂದ ಕರೆ ಬಂತು. ರಾಣಿ ಆಗ್ನೇತೆ ಪರದೇಶದಿಂದ ಮದುವೆಯಾಗಿ ಬಂದು ಆರು ವರ್ಷವಾದರೂ ಮಕ್ಕಳಿರಲಿಲ್ಲ. ಅವಳನ್ನು ಬಂಜೆಯೆಂದು ಸಾರಿ, ದ್ವೀಪದ ಕೋಟೆಗೆ ಅಟ್ಟಿ, ದೊರೆಗೆ ಇನ್ನೊಂದು ಮದುವೆ ಮಾಡಬೇಕೆಂದು ದರ್ಬಾರಿನವರು ನಿಶ್ಚಯಿಸಿದ್ದರು. ಅದಕ್ಕೆ ಆಣೆಯಿಟ್ಟ ಸೂಲಗಿತ್ತಿಯ ಮಾತು ಬೇಕಿತ್ತು.

ಮಂತ್ರಿ ಟ್ಯೂಕೆ ಅವಳ ಜೊತೆಗೇ ಮೆಟ್ಟಿಲು ಹತ್ತಿದ.

"ಬಂಜೆ. ಎರಡೇ ಅಕ್ಷರ, ಗೇಶೆ. ಹೇಳಿ ಮನೆಗೆ ಹೋಗು."

"ಮೊದಲು ನೋಡ್ತೀನಿ ಸ್ವಾಮಿ. ನೋಡದೆ ಹೇಳೋಕೆ ನಾನೇನು ಕಣಿ ಹೇಳೋಳಾ?"

"ನಿನ್ನ ಮಗ ನಮ್ಮ ಹಡಗುಕಟ್ಟೆಯಲ್ಲೇ ಅಲ್ವಾ ಇರೋದು?"

ಆ ಮಗ ನನ್ನ ಗಂಡ. ಗೇಶೆ ರಾಣಿಯ ಕೋಣೆಯ ಬಾಗಿಲು ತಳ್ಳಿದಳು.

ಒಳಗೆ ರಾಣಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಗೇಶೆ ಅಂಗೈಗೆ ಉಸಿರು ಊದಿ ಬೆಚ್ಚಗೆ ಮಾಡಿಕೊಂಡು ಪರೀಕ್ಷಿಸಿದಳು. ಮುಗಿಯುವಷ್ಟರಲ್ಲಿ ರಾಣಿ ಅವಳ ಮಣಿಕಟ್ಟು ಹಿಡಿದಳು.

"ಗೊತ್ತಾಯ್ತಾ?"

"ಆಯ್ತು ತಾಯಿ. ನಿಮ್ಮನ್ನ ಯಾರೂ ಮುಟ್ಟೇ ಇಲ್ಲ."

"ಅಲ್ಲಿ ಹೇಳ್ಬೇಡ. ದೊರೆ ಮಾನ ಹೋದ್ರೆ ನನ್ನ ಜೀವ ಉಳಿಯಲ್ಲ. ನಿನ್ನದೂ."

ಹೊರಗೆ ಐವರು ಸರದಾರರೂ ಒಬ್ಬ ಬಿಷಪ್ಪನೂ ಕಾದಿದ್ದರು. ಅತ್ತೆ ಬೈಬಲ್ ಮೇಲೆ ಕೈಯಿಟ್ಟಳಂತೆ.

"ರಾಣಿಯವರಲ್ಲಿ ಯಾವ ಊನವೂ ಇಲ್ಲ," ಎಂದಳು.

"ಹಾಗಾದ್ರೆ ಮಕ್ಕಳು ಯಾಕಿಲ್ಲ?" ಟ್ಯೂಕೆ ಎದ್ದು ನಿಂತ.

"ಆ ಪ್ರಶ್ನೆ ಕೇಳ್ಬೇಡಿ ಸ್ವಾಮಿ. ಆಣೆ ಇಟ್ಟಿದೀನಿ. ಇನ್ನೊಂದು ಸಲ ಕೇಳಿದ್ರೆ, ಇಷ್ಟೂ ಜನರ ಮುಂದೆ ಹೇಳಲೇಬೇಕಾಗುತ್ತೆ."

ಟ್ಯೂಕೆಯ ಬಾಯಿ ತೆರೆದೇ ಇತ್ತು. ಒಬ್ಬ ಸರದಾರ ತನ್ನ ಬೂಟು ನೋಡಿಕೊಂಡ. ಕೊನೆಗೆ ಬಿಷಪ್ಪ ಬೈಬಲನ್ನು ತನ್ನತ್ತ ಎಳೆದುಕೊಂಡು, "ಸಾಕು, ಹೋಗಮ್ಮ," ಎಂದ.

ರಾಣಿ ರಾಣಿಯಾಗಿಯೇ ಉಳಿದಳು. ಆದರೆ ಕ್ರಿಸ್‌ಮಸ್‌ಗೆ ಮುಂಚೆಯೇ ಅತ್ತೆಯ ಸೂಲಗಿತ್ತಿ ಪದವಿ ಹೋಯಿತು, ನನ್ನ ಗಂಡನ ಕೆಲಸವೂ ಹೋಯಿತು. ನಾವು ಊರ ಗಡಿಯಾಚೆ ಬೆಸ್ತರ ಕೇರಿಗೆ ಗಂಟುಮೂಟೆ ಕಟ್ಟಿದೆವು. ಯಾರಾದರೂ ಬಾಗಿಲು ತಟ್ಟಿದರೆ ಸೈನಿಕರೇ ಇರಬೇಕೆಂದು ನಾನು ಎರಡು ವರ್ಷ ಬೆಚ್ಚಿಬೀಳುತ್ತಿದ್ದೆ. ಬಂದವರೆಲ್ಲ ನೋವು ಶುರುವಾದ ಹೆಂಗಸರ ಗಂಡಂದಿರೇ.

ದೊರೆ ತೀರಿಕೊಂಡ ಮೇಲೆ ವಿಧವೆ ರಾಣಿ ಗೇಶೆಗೆ ಗಾಡಿ ಕಳಿಸಿದಳು. ಅತ್ತೆ ಬಟ್ಟೆ ಹಿಂಡುತ್ತಲೇ ಗಾಡಿಯವನನ್ನು ನೋಡಿದಳು.

"ಮಂಡಿನೋವು ಅಂತ ಹೇಳಪ್ಪ," ಎಂದಳು. ಅವನು ಹೋದ ಮೇಲೆ ನನಗೆ ಮಾತ್ರ ಕೇಳುವಂತೆ, "ಹೋದ್ರೆ ಆ ಹುಡುಗಿ ನನ್ನ ಮುಖ ನೋಡಿ ಮತ್ತೆ ಆ ದಿನಾನೇ ನೆನೆಸ್ಕೋಬೇಕು," ಎಂದಳು.