ಹಾಗಲಕಾಯಿಗೆ ಬಂದ ಬಹುಮಾನ

ಎಪ್ಪತ್ತರ ದಶಕದ ಕೊನೆಯಲ್ಲಿ, ಸುಮಾರು ಆರು ವಾರಗಳ ಕಾಲ, ನಾನೊಬ್ಬ ಮಹಾನ್ ಹಾಸ್ಯ ಕಲಾವಿದ ಎಂದು ನಂಬಿಕೊಂಡಿದ್ದೆ. ಆ ಆರು ವಾರ ನನ್ನನ್ನು ಸಹಿಸಿಕೊಂಡ ಹೆಂಡತಿಗೆ ಪುಣ್ಯ ಬರಲಿ.

ನನ್ನ ಕಸುಬು ಪೌರೋಹಿತ್ಯ. ಕಾಶಿಯ ಹನುಮಾನ್ ಘಾಟಿನ ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದಲೂ ಕನ್ನಡದ ಯಾತ್ರಿಕರು ಇಳಿದುಕೊಳ್ಳುತ್ತಿದ್ದರು. ಬೆಳಿಗ್ಗೆ ಅವರಿಗೆ ಸಂಕಲ್ಪ ಹೇಳಿಕೊಡುವುದು, ಅವರು ರೈಲು ಹತ್ತಿದ ಮೇಲೆ ಅಡಿಗೆಮನೆಯಲ್ಲಿ ಹೆಂಡತಿಯ ಮುಂದೆ ಅವರದೇ ದನಿ ತೆಗೆದು ಅಣಕಿಸುವುದು, ಇದು ನನ್ನ ದಿನಚರಿ. ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು, ನಕ್ಕಾದ ಮೇಲೆ ಬೈಯುತ್ತಿದ್ದಳು. "ಅನ್ನ ಹಾಕೋರನ್ನ ಆಡಿಕೊಳ್ತೀರಲ್ರೀ, ನಿಮ್ಮ ನಾಲಿಗೆಗೆ ಒಂದು ಬೀಗ ಬೇಡ್ವಾ?" ಕಲೆ ಇವಳಿಗೆಲ್ಲಿ ಅರ್ಥವಾಗಬೇಕು ಎಂದು ನಾನು ಮುಖ ತಿರುಗಿಸುತ್ತಿದ್ದೆ.

ನನ್ನ ಅಣಕುಗಳಲ್ಲೆಲ್ಲ ಪಟ್ಟದಾನೆ ಎಂದರೆ ಮುಂಬಯಿಯ ಒಬ್ಬ ಹೋಟೆಲ್ ಯಜಮಾನರದು. ಉಡುಪಿ ಕಡೆಯವರು. ನಮ್ಮ ಮನೆಗೆ ಬರುತ್ತಿದ್ದವರಲ್ಲಿ ಅರ್ಧಕ್ಕರ್ಧ ಜನ ಅವರು ಹೇಳಿ ಕಳಿಸಿದವರೇ. ಒಮ್ಮೆ ಅವರೇ ಸ್ನೇಹಿತರ ಜೊತೆ ಬಂದಿದ್ದರು. ಕಾಶಿಗೆ ಬಂದವರು ತಮಗೆ ಪ್ರಿಯವಾದ ಒಂದು ತರಕಾರಿಯನ್ನು ಗಂಗೆಯಲ್ಲಿ ಬಿಟ್ಟು ಹೋಗಬೇಕಲ್ಲ, ಮತ್ತೆ ಈ ಜನ್ಮದಲ್ಲಿ ಅದನ್ನು ತಿನ್ನುವಂತಿಲ್ಲ. ಸೊಂಟದ ಮಟ್ಟ ನೀರಿನಲ್ಲಿ ನಿಂತು ಅವರು ಅರ್ಧ ಗಂಟೆ ಚೌಕಾಸಿ ಮಾಡಿದರು. "ಬಟಾಟೆ ಬಿಟ್ರೆ ಮಸಾಲೆ ದೋಸೆಗೆ ಎಂತ ಹಾಕುದು ಮಾರಾಯ್ರೇ? ಬದನೆ ಬಿಟ್ರೆ ಸಾಂಬಾರಿಗೆ ಎಂತ ಗತಿ?" ಕೊನೆಗೆ ಮಗಳನ್ನು ಧಾರೆ ಎರೆಯುವವರ ಹಾಗೆ ಕಣ್ಣು ತುಂಬಿಕೊಂಡು, "ಹಾಗಲಕಾಯಿ!" ಎಂದು ಮುಳುಗಿಬಿಟ್ಟರು. ಎಲಾ ಖದೀಮ, ಕಹಿ ತರಕಾರಿ ಬಿಟ್ಟು ಪುಣ್ಯ ಹೊಡೆದುಕೊಂಡೆಯಲ್ಲ ಎಂದು ನಾನು ಒಳಗೊಳಗೇ ಕುಣಿದೆ.

ಅದಾಗಿ ಒಂದೆರಡು ವರ್ಷದ ಮೇಲೆ, ಹೋಳಿಯ ಹೊತ್ತಿಗೆ ಊರಿನ ಹಾಸ್ಯಪ್ರಿಯರು ಒಂದು ದೊಡ್ಡ ಸಮಾರಂಭ ಇಟ್ಟುಕೊಂಡರು. ಸಿನಿಮಾದಲ್ಲಿ, ಟಿವಿಯಲ್ಲಿ ನಗಿಸಿದವರಿಗೆ ಸನ್ಮಾನ. ದೆಹಲಿಯಿಂದ ಟಿವಿಯವರು ಕ್ಯಾಮೆರಾ ಹೊತ್ತು ಬಂದಿದ್ದರು. ಸನ್ಮಾನಗಳ ನಡುವೆ ಸ್ಥಳೀಯರಿಗೂ ಐದೈದು ನಿಮಿಷ, ಅವರಲ್ಲಿ ಒಬ್ಬರಿಗೆ ಬಹುಮಾನ. ನಾನು ಹೆಸರು ಕೊಟ್ಟೆ. ಹೆಂಡತಿಗೆ ಹೇಳಲಿಲ್ಲ.

ವೇದಿಕೆ ಹತ್ತಿ ಹೋಟೆಲ್ ಯಜಮಾನರನ್ನು ಹಿಂದಿಯಲ್ಲಿ ನೀರಿಗಿಳಿಸಿದೆ. "ಕರೇಲಾ!" ಎಂದು ಮೂಗು ಹಿಡಿದು ಮುಳುಗಿದಾಗ ಪೆಂಡಾಲೇ ಹಾರಿಹೋಗುವ ಹಾಗೆ ಜನ ನಕ್ಕರು. ಬಹುಮಾನ ನನಗೇ ಬಂತು, ಕೊರಳಿಗೆ ಹೂಕೋಸಿನ ಹಾರ ಹಾಕಿದರು. ಹುಳ ಕುತ್ತಿಗೆಯ ಮೇಲೆ ಹರಿದಾಡುತ್ತಿದ್ದರೂ ಕ್ಯಾಮೆರಾ ಕಡೆಗೇ ಹಲ್ಲು ಕಿರಿದು ನಿಂತಿದ್ದೆ. ಮರುದಿನ ಗೋದೌಲಿಯಾದಲ್ಲಿ ಪಾನ್ ಅಂಗಡಿಯವನು, "ಕಾ ಗುರು, ಕರೇಲಾ ಛೋಡ್ ದಿಹಲಾ?" ಏನು ಗುರುಗಳೇ, ಹಾಗಲಕಾಯಿ ಬಿಟ್ಟುಬಿಟ್ರಾ ಎಂದು ಕೂಗಿದ. ತಲೆಗೆ ಕೋಡು ಮೂಡಲು ಇನ್ನೇನು ಬೇಕು? ಮಂತ್ರ ಹೇಳುವಾಗಲೂ ಜನ ನಗುತ್ತಾರೇನೋ ಎಂದು ಓರೆಗಣ್ಣಲ್ಲಿ ನೋಡುವ ಮಟ್ಟಕ್ಕೆ ನಾನು ಮುಟ್ಟಿದೆ.

ಆಗ ಕಾಶಿಯಲ್ಲಿ ಟಿವಿ ಇರಲಿಲ್ಲ. ನನ್ನ ಮುಖವನ್ನು ನಾನೇ ನೋಡುವಂತಿಲ್ಲವಲ್ಲ ಎಂದು ಗೋಳಾಡುತ್ತಿದ್ದೆ. ಹೆಂಡತಿ ತಣ್ಣಗೆ ಕೇಳಿದಳು, "ಮುಂಬಯಿಯಲ್ಲಿ ಇದೆಯಲ್ಲಾ?"

ಅಯ್ಯೋ ದೇವರೇ! ಹೋಟೆಲ್ ಯಜಮಾನರ ಕಣ್ಣಿಗೆ ಬಿದ್ದರೆ ಮುಂಬಯಿಯ ಒಬ್ಬ ಯಾತ್ರಿಕನೂ ಇನ್ನು ನಮ್ಮ ಹೊಸಿಲು ತುಳಿಯುವುದಿಲ್ಲ. ಅಂದಿನಿಂದ ಟಪಾಲಿನವನ ಸೈಕಲ್ ಗಂಟೆ ಕೇಳಿದರೆ ಒಳಕೋಣೆಗೆ ಸರಿದುಬಿಡುತ್ತಿದ್ದೆ.

ಕೊನೆಗೆ ಬಂತು ಕಾರ್ಡು, ಅವರ ಮಗ ಬರೆದದ್ದು. ತಂದೆಯವರು ಸಂಕ್ರಾಂತಿಯ ಮರುದಿನ ತೀರಿಕೊಂಡರು, ತಾಯಿಯ ಜೊತೆ ಅಸ್ಥಿ ತರುತ್ತಿದ್ದೇನೆ. ಕೆಳಗೆ ಒಂದೇ ಸಾಲು: "ನಿಮ್ಮನ್ನು ಟಿವಿಯಲ್ಲಿ ತಾಯಿ ನೋಡಿದ್ದಾರೆ." ನಾನು ವೇದಿಕೆಯ ಮೇಲೆ ಮೂಗು ಹಿಡಿದು ಮುಳುಗಿದ ದಿನ ಆ ಮನುಷ್ಯ ಈ ಲೋಕದಲ್ಲೇ ಇರಲಿಲ್ಲ. ಕಾರ್ಡನ್ನು ಹೆಂಡತಿಯ ಕೈಗೆ ಕೊಟ್ಟೆ. ಅವಳು ಓದಿ, ಬೈಯದೆ ಒಳಗೆ ಹೋದಳು. ಬೈದಿದ್ದರೆ ವಾಸಿಯಿತ್ತು.

ತಾಯಿ ಮಗ ಬಂದರು. ಅಸ್ಥಿ ಬಿಡುವವರೆಗೂ ಮಗ ನನ್ನ ಮುಖ ನೋಡಲಿಲ್ಲ. ಎಲ್ಲ ಮುಗಿದು ಮೆಟ್ಟಿಲ ಮೇಲೆ ಕುಳಿತಾಗ ಆ ತಾಯಿಯೇ ಬಾಯಿ ಬಿಟ್ಟರು. "ಭಟ್ರೇ, ಅವರು ಬಂದಾಗ ನನಗೆ ಮಂಡಿನೋವು, ಬರ್ಲಿಕ್ಕಾಗಲಿಲ್ಲ. ಇಲ್ಲಿ ಹೇಗಿದ್ರು ಅಂತ ನಾನು ನೋಡಿದ್ದಿಲ್ಲ. ಟಿವಿಯಲ್ಲಿ ಬಂದದ್ದು ಒಂದು ಚೂರು, ಅದೂ ಹಿಂದಿ. ಕನ್ನಡದಲ್ಲಿ ಪೂರ್ತಿ ಮಾಡಿ ತೋರಿಸ್ತೀರಾ?"

ಎದ್ದು ನಿಂತು ಮಾಡಿದೆ. ಬಟಾಟೆಗೆ ಅವರು ನಕ್ಕರು, ಬದನೆಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಹಾಗಲಕಾಯಿಗೆ ಬಂದಾಗ ನಗು ನಿಂತಿತು.

"ಇದಕ್ಕೆ ಜನ ಯಾಕೆ ನಕ್ಕದ್ದು?"

"ಕಹಿ ಅಲ್ವಾ ತಾಯಿ, ಅದಕ್ಕೆ..."

"ಅವರಿಗೆ ಹಾಗಲಕಾಯಿ ಮೆಣಸ್ಕಾಯಿ ಗೊಜ್ಜು ಅಂದ್ರೆ ಜೀವ. ಮದುವೆಯಾಗಿ ಬಂದಾಗ ಅತ್ತೆ ನನಗೆ ಮೊದಲು ಕಲಿಸಿದ್ದೇ ಅದು. ಇಲ್ಲಿಂದ ಬಂದವರು ಮತ್ತೆ ಮುಟ್ಟಲಿಲ್ಲ. ಕಡೆಗೆ ಆಸ್ಪತ್ರೆಯಲ್ಲಿ ಬಾಯಿ ರುಚಿ ಇಲ್ಲ ಅಂದಾಗ ನಾನೇ ಮಾಡಿ ತಗೊಂಡು ಹೋದೆ. ಕಾಶಿಯಲ್ಲಿ ಬಿಟ್ಟಿದ್ದೇನೆ ಮಾರಾಯ್ತಿ ಅಂತ ವಾಪಸ್ ಕಳಿಸಿದ್ರು. ಅವರಿಗೆ ಅದು ಸೇರುದಿಲ್ಲ ಅಂತ ನಿಮಗೆ ಯಾರು ಹೇಳಿದ್ದು?"

ಯಾರೂ ಹೇಳಿರಲಿಲ್ಲ. ನನಗೆ ಸೇರುತ್ತಿರಲಿಲ್ಲ, ಅಷ್ಟೇ. ಅವರ ಕಣ್ಣಲ್ಲಿ ಅಂದು ನೀರಿದ್ದದ್ದನ್ನು ಅಷ್ಟು ಹತ್ತಿರದಿಂದ ನೋಡಿ, ಅದನ್ನೂ ನಾಟಕಕ್ಕೆ ಸೇರಿಸಿಕೊಂಡ ಗೂಬೆ ನಾನು. ಸಂಕಲ್ಪ ಹೇಳಿಕೊಟ್ಟವನೂ ನಾನೇ, ಅದನ್ನು ನಂಬದವನೂ ನಾನೇ. ತಪ್ಪಾಯಿತು ತಾಯಿ ಎಂದು ಕಾಲಿಗೆ ಬಾಗಲು ಹೋದೆ. ನಾಚಿಕೆಯಿಂದ ಸತ್ತೇ ಹೋಗುತ್ತೇನೆ ಅನ್ನಿಸಿತು.

ಅವರು ಕೈ ಅಡ್ಡ ಮಾಡಿದರು. "ಅದು ಬಿಡಿ. ಸ್ವರ ಮಾತ್ರ ಹಾಗೇ ಉಂಟು. ಮನೆಗೆ ಬಂದ ಕೂಡಲೇ ಬಾಗಿಲಲ್ಲಿ ನಿಂತು, 'ಹೋಯ್, ಎಲ್ಲಿದ್ದೀ?' ಅಂತ ಕರೀತಿದ್ರು. ಅದೊಂದು ಕರೀತೀರಾ?"

ಮೊದಲ ಸಲ ನನ್ನ ಬಾಯಿಂದ ಬರಿ ಗಾಳಿ ಹೊರಟಿತು. ಎರಡನೆಯ ಸಲ ಆ ದನಿ ಬಂತು.

"ಹೋಯ್, ಎಲ್ಲಿದ್ದೀ?"

"ಇಲ್ಲೇ ಇದ್ದೇನೆ," ಎಂದರು ಅವರು, ನೀರಿನ ಕಡೆ ನೋಡುತ್ತ. ಆಮೇಲೆ ಮಗನ ಕೈ ಹಿಡಿದುಕೊಂಡು ಮೆಟ್ಟಿಲು ಹತ್ತಿ ಹೋದರು.