ಸ್ತ್ರೀ ಪೆಟ್ಟಿಗೆ

ಪೆಟ್ಟಿಗೆಯಮ್ಮನಿಗೆ ಕೂಲಿ ಬಾಕಿ ಇದೆ. ಬಟ್ಟೆ ಇಸ್ತ್ರಿ ಮಾಡಿದ ಕೂಲಿಯಲ್ಲ. ಅದನ್ನು ವಸೂಲು ಮಾಡುವುದು ಅವಳಿಗೆ ಚೆನ್ನಾಗಿ ಗೊತ್ತು. ಮಡಿಸಿದ ಅಂಗಿಯನ್ನು ಒಂದು ಕೈಯಲ್ಲಿ ಬಿಗಿಹಿಡಿದು ಇನ್ನೊಂದು ಕೈ ಚಾಚುತ್ತಾಳೆ. ಬಾಕಿ ಇರುವುದು ಕನಸಿನ ಕೂಲಿ. ಬೀದಿಯವರ ಕನಸುಗಳನ್ನೆಲ್ಲ ವರ್ಷಗಟ್ಟಲೆ ಅವಳು ತನ್ನ ಬ್ಲಾಗಿಗೆ ತುಂಬಿದಳು. ಅಂಥ ಸಾವಿರಾರು ಬ್ಲಾಗುಗಳಿಗೆ ಜಾಗ ಕೊಟ್ಟಿದ್ದ ಪುಟ್ಟ ಕಂಪನಿಯನ್ನು ಒಂದು ಭಾರೀ ಇಂಟರ್ನೆಟ್ ಕಂಪನಿ ಕೊಂಡುಕೊಂಡಿತು. ಮಾರಿದವರೂ ನಕ್ಕರು, ಕೊಂಡವರೂ ನಕ್ಕರು, ಪೇಪರಿನಲ್ಲಿ ಫೋಟೋ ಬಂತು. ತುಂಬಿದವಳಿಗೆ ಏನು ಬಂತು ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಅವಳು ದುಡ್ಡು ಕೇಳುತ್ತಿರಲಿಲ್ಲ, ಅದು ಬೇರೆ ವಿಷಯ. ಅವಳಿಗೆ ಬೇಕಾಗಿರುವುದು ಒಂದೇ ಒಂದು ಮಾತು.

ಅವಳ ಅಂಗಡಿ ಇರುವುದು ಒಂದು ಹಳೆಯ ಕಟ್ಟಡದ ಮೆಟ್ಟಿಲಿನ ಕೆಳಗೆ. ನೆಟ್ಟಗೆ ನಿಂತರೆ ತಲೆ ತಾಗುತ್ತದೆ, ಹಾಗಾಗಿ ಇಸ್ತ್ರಿ ಮಾಡುವಾಗ ಬಾಗುವುದು ಅವಳಿಗೆ ಕಷ್ಟವೇ ಅಲ್ಲ. ಮೇಜಿನ ಮೇಲೆ ಕಂಬಳಿ, ಕಂಬಳಿಯ ಮೇಲೆ ಬಿಳಿ ಬಟ್ಟೆ, ಆ ಬಿಳಿಯಲ್ಲಿ ಎಂದೋ ಮೈಮರೆತು ಸುಟ್ಟ ಕಂದು ಕಲೆ. ನೀರು ಚಿಮುಕಿಸಿ ಪೆಟ್ಟಿಗೆ ಒತ್ತಿದರೆ ಭುಸ್ ಎಂದು ಹಬೆ ಏಳುತ್ತದೆ. ಬೆಳಿಗ್ಗೆ ಬಟ್ಟೆ ಕೊಡಲು ಬರುವವರು ಆ ಹಬೆಯಲ್ಲಿ ಅರ್ಧ ಕಾಣುತ್ತಾರೆ, ಇನ್ನರ್ಧ ಹಾಸಿಗೆಯಲ್ಲೇ ಉಳಿದವರ ಹಾಗೆ. ದಿಂಬಿನ ಕವರು ಕೈಗೆ ಬಂದ ಕೂಡಲೇ ಅವಳು ಕೇಳುತ್ತಾಳೆ:

“ಏನ್ ಬಿತ್ತು?”

ಕನಸು ಏನು ಬಿತ್ತು ಎಂದು ಅರ್ಥ. ಬಿದ್ದದ್ದನ್ನು ಹಾಗೇ ಬಿಟ್ಟರೆ ಜನ ತುಳಿದುಕೊಂಡು ಹೋಗುತ್ತಾರೆ, ಹೆಕ್ಕಿ ಇಡಬೇಕು ಎನ್ನುವುದು ಅವಳ ವಾದ. ಎದುರಿನ ಕ್ಷೌರದಂಗಡಿಯವನಿಗೆ ಕತ್ತರಿ ಹಕ್ಕಿಯಾಗಿ ಹಾರಿಹೋಗುವುದು, ಬೀದಿಯವರ ಕೂದಲೆಲ್ಲ ಬಳ್ಳಿಯಂತೆ ಬೆಳೆದು ಕಿಟಕಿಯಿಂದ ಕಿಟಕಿಗೆ ಹಬ್ಬುವುದು ಬಿತ್ತು. ಗಣಿತದ ಮೇಡಂಗೆ ಎಂಟು ಎನ್ನುವ ಅಂಕಿ ಅವರ ಹಾಸಿಗೆಯ ಮೇಲೆ ಅಡ್ಡಡ್ಡ ಮಲಗಿ, ಏಳು ಎಂದರೆ ‘ಏಳು ನಾನಲ್ಲ, ಪಕ್ಕದವನು’ ಎಂದು ಮಗ್ಗುಲು ಬದಲಿಸುವುದು ಬಿತ್ತು. ಪೆಟ್ಟಿಗೆಯಮ್ಮ ಕೇಳುತ್ತಾ ಕಾಲರು ಒತ್ತುತ್ತಿದ್ದಳು. ಅವರು ಹೋದ ಮೇಲೆ ಗೂಡಿನಲ್ಲಿಟ್ಟ ಫೋನಿಗೆ ಅದನ್ನು ಹೇಳುತ್ತಿದ್ದಳು. ಕೈ ಬಿಡುವಿಲ್ಲದ್ದರಿಂದ, ಬಾಯಲ್ಲಿ ಹೇಳಿದರೆ ಫೋನೇ ಬರೆದುಕೊಂಡು ಬ್ಲಾಗಿಗೆ ಹಾಕುವ ಹಾಗೆ ಅಕ್ಕನ ಮಗಳು ವ್ಯವಸ್ಥೆ ಮಾಡಿಕೊಟ್ಟಿದ್ದಳು.

ಹೆಸರು ಏನಿಡಲಿ ಎಂದು ಫೋನು ಕೇಳಿದಾಗ ಇವಳು “ಇಸ್ತ್ರಿ ಪೆಟ್ಟಿಗೆ” ಅಂದಳು. ಫೋನು ‘ಸ್ತ್ರೀ ಪೆಟ್ಟಿಗೆ’ ಎಂದು ಬರೆಯಿತು.

“ಚಿಕ್ಕಮ್ಮಾ, ತಪ್ಪಾಗಿ ಬಂದಿದೆ. ತಿದ್ದಲಾ?”

“ಬಿಡೇ. ಎರಡೂ ಬಿಸಿನೇ.”

ಹೆಸರು ನೋಡಿ ಹೆಣ್ಣುಮಕ್ಕಳ ಹಕ್ಕಿನ ವಿಷಯವಿರಬೇಕೆಂದು ಬಂದವರು ಬಹಳ. ಬಂದವರು ಮೊದಲು ಒಬ್ಬರಿಗೊಬ್ಬರು ಕಿತ್ತಾಡಿದರು, ಆಮೇಲೆ ಹಕ್ಕಿಯಾದ ಕತ್ತರಿಯನ್ನು ಓದಿದರು, ಕೊನೆಗೆ ಅಲ್ಲೇ ಬೀಡುಬಿಟ್ಟರು. ದೂರದೂರದವರು ಬೆಳಿಗ್ಗೆ ಎದ್ದ ತಕ್ಷಣ ಮೆಟ್ಟಿಲ ಕೆಳಗಿನ ಈ ಬೀದಿಯ ನಿದ್ದೆಯನ್ನು ಓದತೊಡಗಿದರು.

ಅಂಗಡಿಯ ಹಿಂದೆ ಒಂದು ಕೋಣೆ. ಅದರಲ್ಲಿ ಪೆಟ್ಟಿಗೆಯಮ್ಮ, ಅವಳ ಅಕ್ಕ, ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಅಕ್ಕನ ಮಗಳು. ಅಕ್ಕ ಬಸ್ ಕಂಡಕ್ಟರ್ ಆಗಿದ್ದವಳು. ಗಂಟಲೆಂದರೆ ಗಂಟಲು, ಮನೆಯಲ್ಲಿ ನೀರು ಕೇಳಿದರೂ ಹಿಂದಿನ ಸೀಟಿನವರಿಗೆ ಕೇಳಿಸುತ್ತಿತ್ತು. ಅವಳ ಕನಸುಗಳನ್ನು ಹೆಕ್ಕಲು ತಂಗಿ ಕೇಳಬೇಕಾಗಿಯೇ ಇರಲಿಲ್ಲ. ಎದ್ದವಳೇ ಮುಖ ತೊಳೆಯುವ ಮೊದಲು, ಕೂತಲ್ಲಿಂದಲೇ ಕೂಗಿ ಹೇಳುತ್ತಿದ್ದಳು. ಅದರಲ್ಲಿ ಒಂದು ಕನಸನ್ನು ಓದುಗರು ಎಲ್ಲಕ್ಕಿಂತ ಹೆಚ್ಚು ಮೆಚ್ಚಿದ್ದರು. ಅದು ಹೀಗಿತ್ತು.

ಬಸ್ಸು ಕೆರೆಯೊಳಗೆ ಓಡುತ್ತಿದೆ. ಒಂದು ಹನಿ ನೀರೂ ಒಳಗೆ ಬರುತ್ತಿಲ್ಲ. ಕಿಟಕಿಯಾಚೆ ಮೀನುಗಳು ರೆಕ್ಕೆ ಅಡ್ಡ ಹಿಡಿದು ನಿಲ್ಲಿಸಿ ಎನ್ನುತ್ತಿವೆ. ಡ್ರೈವರ್ ಇಲ್ಲ, ಸ್ಟೀರಿಂಗು ತಾನೇ ತಿರುಗುತ್ತಿದೆ. ಅಕ್ಕ ಟಿಕೆಟ್ ಕೊಡುತ್ತಾ ಹೋದರೆ ಪ್ರತಿ ಸೀಟಿನಲ್ಲೂ ಅವಳೇ ಕೂತಿದ್ದಾಳೆ: ಎರಡು ಜಡೆಯವಳು, ಮದುವೆಯ ಸೀರೆಯವಳು, ತುಂಬು ಬಸುರಿ, ಸೊಂಟ ಹಿಡಿದುಕೊಂಡ ಮುದುಕಿ. ಎಲ್ಲರೂ ಸರಿಯಾದ ಚಿಲ್ಲರೆ ಕೊಡುತ್ತಿದ್ದಾರೆ, ನೌಕರಿಯಲ್ಲಿ ಎಂದೂ ನಡೆಯದ್ದು. ಕೊನೆಯ ಸೀಟಿನಲ್ಲಿ ಮುಂದಿನ ಹಲ್ಲು ಬಿದ್ದ ಪುಟ್ಟ ಹುಡುಗಿ. “ಎಲ್ಲಿ ಇಳೀಬೇಕು ಪುಟ್ಟಿ?” ಹುಡುಗಿ ಒಂದು ಜಾಗದ ಹೆಸರು ಹೇಳಿತು. ಅದನ್ನು ಕೇಳಿ ಬಸ್ಸಿನಲ್ಲಿದ್ದ ಅವಳೆಲ್ಲರೂ ಬಿದ್ದುಬಿದ್ದು ನಕ್ಕರು. ಆ ನಗುವಿನಲ್ಲೇ ಅಕ್ಕ ಎದ್ದು ಕೂತಳು. ಹೆಸರು ಕೇಳಿ ಪೆಟ್ಟಿಗೆಯಮ್ಮನೂ ನಕ್ಕಳು, ನಗುತ್ತಲೇ ಫೋನಿಗೆ ಹೇಳಿದಳು. ಫೋನಿಗೆ ಹೇಳಿ ಆದ ಮೇಲೆ ನೆನಪಿಟ್ಟುಕೊಳ್ಳುವ ಗೋಜಿಗೆ ಯಾರು ಹೋಗುತ್ತಾರೆ?

ಆಮೇಲೆ ಅಕ್ಕನಿಗೆ ಲಕ್ವ ಹೊಡೆಯಿತು. ಅಷ್ಟು ದೊಡ್ಡ ಗಂಟಲು ಕೀಲಿ ಹಾಕಿದ ಹಾಗೆ ಮುಚ್ಚಿತು. ಅಕ್ಷರಗಳೂ ಮರೆತುಹೋದವು; ಉಳಿದದ್ದು ಎಡಗೈ. ಮಂಚದ ಪಟ್ಟಿಗೆ ಆ ಕೈಯಿಂದ ಎರಡು ಸಲ ಬಡಿದರೆ ರೈಟ್, ಹೂಂ ಎಂದು. ಒಂದೇ ಸಲ ಬಡಿದರೆ ನಿಲ್ಲಿಸು, ಬೇಡ, ತಪ್ಪು. ಕಂಡಕ್ಟರ್ ಭಾಷೆ ಮನೆಯವರಿಗೆ ಕಲಿಸಬೇಕಾಗಿರಲಿಲ್ಲ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ತಂಗಿ ಫೋನನ್ನು ದಿಂಬಿನ ಪಕ್ಕ ಇಟ್ಟು ಆ ಕನಸನ್ನು ಓದಿಸುತ್ತಿದ್ದಳು. ಹುಡುಗಿಯ ಉತ್ತರ ಬಂದಾಗ ಟಕ್ ಟಕ್, ಅಕ್ಕನ ಅರ್ಧ ಮುಖ ನಗುತ್ತಿತ್ತು. ಇಸ್ತ್ರಿಯ ಬಿಸಿ, ಫೋನಿನ ಧ್ವನಿ, ಕೋಣೆಯ ತುಂಬ ಕೆರೆಯ ತಿಳಿಹಸಿರು ಬೆಳಕು. ಕೇಳುತ್ತಾ ಕೇಳುತ್ತಾ ಪೆಟ್ಟಿಗೆಯಮ್ಮನಿಗೆ ಜೋಂಪು ಹತ್ತುತ್ತಿತ್ತು. ಕೊನೆಯ ಮಾತಿನ ಹೊತ್ತಿಗೆ ಅವಳು ಎಂದೂ ಎಚ್ಚರ ಇರುತ್ತಿರಲಿಲ್ಲ.

ಹೀಗಿರುವಾಗ ಆ ಭಾರೀ ಕಂಪನಿಯ ಪತ್ರ ಬಂತು. ‘ನಮ್ಮ ಕುಟುಂಬ ದೊಡ್ಡದಾಗಿದೆ!’ ಎಂದು ಶುರು.

“ದೊಡ್ಡದಾದ್ರೆ ಊಟಕ್ಕೆ ಕರೀಬೇಕಪ್ಪ, ಕಾಗದ ಯಾಕೆ ಬರೀತಾರೆ?” ಅಂದಳು ಪೆಟ್ಟಿಗೆಯಮ್ಮ.

ನಿಮ್ಮ ಪುಟದಲ್ಲಿರುವ ಎಲ್ಲವೂ ಇನ್ನು ಮುಂದೆ ನಮ್ಮ ಸ್ವತ್ತು, ಹೇಗೆ ಬೇಕಾದರೂ ಬಳಸಿಕೊಳ್ಳುತ್ತೇವೆ ಎಂದು ನಡುವೆ ಎಲ್ಲೋ ಇತ್ತು. ಕೆಳಗೆ ಎರಡು ಗುಂಡಿ. ಒಂದರ ಮೇಲೆ ‘ಒಪ್ಪಿಸಿ’, ಇನ್ನೊಂದರ ಮೇಲೆ ‘ನಿರಾಕರಿಸಿ’.

ಒಪ್ಪಿಸಿ ಎಂದರೆ ಏನು? ಪೆಟ್ಟಿಗೆಯಮ್ಮ ಅಂದುಕೊಂಡದ್ದು ಇಷ್ಟು: ಕನಸು ಕಂಡವರನ್ನು ಹೋಗಿ ಮಾತಾಡಿಸಿ ಒಪ್ಪಿಸಬೇಕಂತೆ. ‘ಪರವಾಗಿಲ್ಲ, ಮರ್ಯಾದಸ್ಥರು. ಕೇಳಿಯೇ ತಗೊಳ್ತಾರೆ’ ಎಂದು ಅವಳಿಗೆ ಕಂಪನಿಯ ಮೇಲೆ ಗೌರವವೂ ಹುಟ್ಟಿತು. ಇಸ್ತ್ರಿ ಬಟ್ಟೆಯ ಗಂಟು ಹೊತ್ತು ಮನೆಮನೆಗೆ ಹೊರಟಳು.

“ನನ್ನ ಹಕ್ಕಿ ಅವರಿಗ್ಯಾಕೆ?” ಎಂದ ಕ್ಷೌರದಂಗಡಿಯವನು. “ಅವರ ತಲೇಲಿ ಕೂದಲಾದ್ರೂ ಇದೆಯಾ, ಮೊದಲು ಅದನ್ನ ಕೇಳು.”

ಗಣಿತದ ಮೇಡಂ ಬಾಗಿಲು ಅರ್ಧ ಮುಚ್ಚಿಕೊಂಡು ಪಿಸುಗುಟ್ಟಿದರು: “ಎಂಟು ಮಲಗಿದ್ದು ನನ್ನ ಹಾಸಿಗೆ ಮೇಲಮ್ಮ. ಕೊಡಲ್ಲ.”

“ಆಗ್ಲೇ ಊರೆಲ್ಲ ಓದಿದೆಯಲ್ಲ ಮೇಡಂ?”

“ಓದೋದು ಬೇರೆ, ಒಯ್ಯೋದು ಬೇರೆ.”

ಹೀಗೆ ಒಬ್ಬರೂ ಒಪ್ಪಲಿಲ್ಲ. ಕೊನೆಗೆ ಅಕ್ಕನ ಮಂಚದ ಬಳಿ ಕೂತು ಕೇಳಿದಳು: “ಅಕ್ಕಾ, ನಿನ್ನ ಬಸ್ಸು ಬೇಕಂತೆ. ಕೊಡಲಾ?”

ಟಕ್. ಒಂದೇ ಸಲ.

ಅಕ್ಕನ ಮಗಳು ಅಂದಳು: “ಭಾನುವಾರ ನಂಗೆ ರಜೆ. ಎಲ್ಲಾ ಕನಸನ್ನೂ ಫೋನಿಗೆ ಇಳಿಸ್ಕೊಟ್ಟುಬಿಡ್ತೀನಿ. ಅಲ್ಲೀವರೆಗೂ ಏನೂ ಒತ್ತಬೇಡ ಚಿಕ್ಕಮ್ಮಾ, ಕೈ ಮುಗೀತೀನಿ.”

“ಒತ್ತಲ್ಲ ಬಿಡೇ.”

ಆದರೆ ಕಂಪನಿ ದಿನಾ ಬಾಗಿಲು ಬಡಿಯುತ್ತಿತ್ತು. ‘ನಿಮ್ಮ ಉತ್ತರಕ್ಕಾಗಿ ಕಾಯುತ್ತಿದ್ದೇವೆ.’ ‘ಇನ್ನೂ ಕಾಯುತ್ತಿದ್ದೇವೆ.’ ಬಾಗಿಲಲ್ಲಿ ನಿಂತವರಿಗೆ ಇಲ್ಲ ಎಂದಾದರೂ ಹೇಳಬೇಕಲ್ಲ? ಯಾರನ್ನೂ ಒಪ್ಪಿಸಲಿಕ್ಕಾಗಲಿಲ್ಲ, ತಪ್ಪು ತಿಳಿಯಬೇಡಿ ಎನ್ನುವ ಹಾಗೆ, ಶನಿವಾರ ಒಂದು ಶರಟಿಗೂ ಇನ್ನೊಂದು ಶರಟಿಗೂ ನಡುವೆ ಅವಳು ‘ನಿರಾಕರಿಸಿ’ ಒತ್ತಿದಳು.

ಪುಟ ಬೆಳ್ಳಗಾಯಿತು. ನಿರಾಕರಿಸಿದವರ ಪುಟ ಅಳಿಸಲಾಗುವುದು ಎನ್ನುವುದೂ ಆ ಪತ್ರದಲ್ಲೇ ಎಲ್ಲೋ ಇತ್ತಂತೆ. ಕತ್ತರಿ ಇಲ್ಲ, ಎಂಟು ಇಲ್ಲ, ಕೆರೆ ಇಲ್ಲ. ಗಂಜಿ ಹಾಕಿದ ದುಪ್ಪಟಿಯ ಹಾಗೆ ಒಂದು ಸುಕ್ಕೂ ಇಲ್ಲದ ಬಿಳಿ. ಇಷ್ಟು ಚೊಕ್ಕವಾಗಿ ತಾನೆಂದೂ ಇಸ್ತ್ರಿ ಮಾಡಿರಲಿಲ್ಲ ಎಂದು ಮೊದಲು ಅನ್ನಿಸಿತಂತೆ. ಆಮೇಲೆ ಪೆಟ್ಟಿಗೆ ಬದಿಗಿಟ್ಟು, ಫೋನು ಹಿಡಿದು ಅಕ್ಕನ ಮಗಳ ಹತ್ತಿರ ಓಡಿದಳು.

“ಒಪ್ಪಿಸೋದು ಅಂದ್ರೆ ಕೈಗೆ ಕೊಟ್ಟುಬಿಡೋದು ಚಿಕ್ಕಮ್ಮಾ!” ಅಕ್ಕನ ಮಗಳು ತಲೆ ತಲೆ ಚಚ್ಚಿಕೊಂಡಳು. “ಕಳ್ಳನ್ನ ಪೊಲೀಸ್ರಿಗೆ ಒಪ್ಪಿಸ್ತಾರಲ್ಲ, ಹಾಗೆ!”

“ಹಂಗಾದ್ರೆ ಇಲ್ಲಿ ಕಳ್ಳ ಯಾರೇ?”

ಹುಡುಗಿ ಫೋನು ಕಿತ್ತುಕೊಂಡಳು. ಕಂಪನಿಗೆ ಬರೆದಳು. ಯಂತ್ರವೊಂದು ಧನ್ಯವಾದ ಹೇಳಿತು. ಮತ್ತೆ ಬರೆದಳು, ಮತ್ತೆ ಧನ್ಯವಾದ. ಪುಟ್ಟ ಕಂಪನಿಯನ್ನು ಮಾರಿದ ಹುಡುಗರಿಗೆ ಬರೆದಳು. ಅವರು ಆಗಲೇ ಬೇರೆ ಏನನ್ನೋ ಕಟ್ಟಲು ಹೋಗಿದ್ದರು.

ಸುದ್ದಿ ಬೀದಿಗೆ ಗೊತ್ತಾಯಿತು. ಸೋಮವಾರ ಬೆಳಿಗ್ಗೆ ಹಬೆಯ ಆಚೆ ಕ್ಷೌರದಂಗಡಿಯವನು ಬಂದು ನಿಂತ. ಬಟ್ಟೆ ತಂದಿರಲಿಲ್ಲ. ಮೇಷ್ಟರ ಮುಂದೆ ನಿಂತ ಹುಡುಗನ ಹಾಗೆ ಕೈ ಕಟ್ಟಿಕೊಂಡಿದ್ದ.

“ಒಪ್ಪಿಸ್ತೀನಿ, ಕೇಳು.”

ಮಗ್ಗಿ ಒಪ್ಪಿಸುವಂತೆ ಹಕ್ಕಿಯಾದ ಕತ್ತರಿಯನ್ನು ಮೊದಲಿಂದ ಕೊನೆತನಕ ಒಪ್ಪಿಸಿದ. ಆ ಪದಕ್ಕೆ ಹೀಗೂ ಒಂದು ಅರ್ಥವಿದೆ ಎಂದು ಆಗ ಎಲ್ಲರಿಗೂ ನೆನಪಾಯಿತು. ಆಮೇಲೆ ಮೇಡಂ ಬಂದರು, ಮೇಲಿನ ಮಹಡಿಯವರು ಬಂದರು. ಮೆಟ್ಟಿಲಿನ ಕೆಳಗೆ ಸಾಲು ಹತ್ತಿತು. ಕೆಲವು ಕನಸು ಸ್ವಲ್ಪ ದಪ್ಪಗಾಗಿದ್ದವು, ಕೆಲವು ಬಣ್ಣ ಬಿಟ್ಟಿದ್ದವು; ಎಂಟು ಈಗ ಗೊರಕೆಯನ್ನೂ ಹೊಡೆಯುತ್ತಿತ್ತು. ಅಕ್ಕನ ಮಗಳು ಎಲ್ಲವನ್ನೂ ತನ್ನ ಫೋನಿನಲ್ಲಿ ಹಿಡಿದುಕೊಂಡಳು. ಕಂಡವರ ಬಾಯಿಂದಲೇ ಬಂದದ್ದು, ಯಾವ ಗುಂಡಿಗೂ ಸೇರದ್ದು.

ಒಂದು ಕನಸು ಮಾತ್ರ ಒಪ್ಪಿಸುವವರಿಲ್ಲದೆ ಉಳಿಯಿತು. ಕೆರೆಯೂ ಬಸ್ಸೂ ಎಲ್ಲರಿಗೂ ನೆನಪಿತ್ತು, ಹುಡುಗಿ ಹೇಳಿದ ಜಾಗದ ಹೆಸರು ಮಾತ್ರ ಬೀದಿಯಲ್ಲಿ ಒಬ್ಬರಿಗೂ, ಅಕ್ಕನ ಮಗಳಿಗೂ, ನೆನಪಿರಲಿಲ್ಲ.

ಈಗ ಮಧ್ಯಾಹ್ನ ಫೋನಿಲ್ಲದೆ ಪೆಟ್ಟಿಗೆಯಮ್ಮನೇ ಹೇಳುತ್ತಾಳೆ. ಕೆರೆ ಬರುತ್ತದೆ, ಟಕ್ ಟಕ್. ಮೀನು ಬರುತ್ತದೆ, ಟಕ್ ಟಕ್. ಸರಿಯಾದ ಚಿಲ್ಲರೆ, ಮದುವೆಯ ಸೀರೆ, ಕೊನೆಯ ಸೀಟು, ಎಲ್ಲಕ್ಕೂ ರೈಟ್. “ಎಲ್ಲಿ ಇಳೀಬೇಕು ಪುಟ್ಟಿ?” ಎನ್ನುವಲ್ಲಿಗೆ ಬಂದು ತಂಗಿ ತಡವರಿಸುತ್ತಾಳೆ.

“ಅಮ್ಮನ ಮನೆ ಅಂತಾ ಅಕ್ಕಾ?”

ಟಕ್.

“ಶಾಲೆ?”

ಟಕ್.

“ಡಿಪೋ? ಕೊನೇ ಸ್ಟಾಪು? ನಿದ್ದೆ?”

ಟಕ್. ಟಕ್ಕೆಂದರೆ ಒಂದೇ ಟಕ್. ಅಕ್ಕನ ಕಣ್ಣಲ್ಲಿ ನೀರೇನೂ ಇಲ್ಲ, ಸಿಟ್ಟಿದೆ. ಟಿಕೆಟ್ ತಗೊಳ್ಳದವನಿಗಾಗಿ ಬಸ್ಸು ನಿಲ್ಲಿಸಿಕೊಂಡ ಕಂಡಕ್ಟರಿನ ಸಿಟ್ಟು. ಬಸ್ಸು ಕೆರೆಯ ತಳದಲ್ಲಿ ಹಾಗೇ ನಿಂತಿದೆ. ಒಳಗೆ ಅಷ್ಟೂ ಅಕ್ಕಂದಿರು ನಗಲು ಬಾಯಿ ತೆರೆದು ಕಾಯುತ್ತಿದ್ದಾರೆ. ಮೀನುಗಳು ಕಿಟಕಿಗೆ ಮೂತಿ ಒತ್ತಿವೆ.

ಕಂಪನಿಯವರು ಕೊಡುವುದಿಲ್ಲ, ಅದು ಗೊತ್ತಾಗಿದೆ. ಅವರ ಜೊತೆಗಿನ ಜಗಳ ಬೇರೆ ಇದೆ, ಅದು ನಡೆಯುತ್ತದೆ. ಆದರೆ ಆ ಪುಟವನ್ನು ಓದಿದವರು ನೀವು. ಬೆಳಿಗ್ಗೆ ಹಾಸಿಗೆಯಲ್ಲೇ ಬಿದ್ದುಕೊಂಡು ಪುಕ್ಕಟೆ ಓದಿ, ಕೆಳಗೆ ಕೆಂಪು ಹೃದಯ ಒತ್ತಿ, ಕೆಲಸಕ್ಕೆ ಹೋದವರು ನೀವು. ಕೂಲಿಯ ಬಾಕಿ ನಿಮ್ಮ ತಲೆಯ ಮೇಲೂ ಇದೆ. ಹೃದಯ ಬೇಡ, ಮರುಕ ಬೇಡ, ಅವಳ ಬಗ್ಗೆ ನಾಲ್ಕು ಒಳ್ಳೆಯ ಮಾತೂ ಬೇಡ. ಮೆಟ್ಟಿಲ ಕೆಳಗಿನ ಆ ಅಂಗಡಿಗೆ ಬನ್ನಿ, ತಲೆ ತಗ್ಗಿಸಿ ಒಳಗೆ ನಡೆಯಿರಿ, ಮಂಚದ ಪಕ್ಕ ಕೈ ಕಟ್ಟಿ ನಿಲ್ಲಿ.

ಹಲ್ಲು ಬಿದ್ದ ಆ ಹುಡುಗಿ ಎಲ್ಲಿ ಇಳಿಯುತ್ತೇನೆ ಅಂದಳು? ಒಪ್ಪಿಸಿ.