ಬೆನ್ನ ಹಿಂದಿನ ಕಿಸೆ

ಇವತ್ತು ಬೆಳಿಗ್ಗೆ ಗಾಡಿಯ ಚೀಲಕ್ಕೆ ಔಡಲೆಣ್ಣೆ ಹಚ್ಚಿದೆ. ಎರಡು ಸಲ ಸಾಬೂನು ಹಾಕಿ ತೊಳೆದರೂ ಚರ್ಮದ ವಾಸನೆ ಬೆರಳು ಬಿಡಲಿಲ್ಲ. ಆ ವಾಸನೆ ಮೂಗಿಗೆ ಬಂದರೆ ಸಾಕು, ಅಥಣಿಯ ಕಮಲವ್ವನ ಮನೆಕಟ್ಟೆ ನೆನಪಾಗುತ್ತದೆ.

ನಿಮಗೆ ಗೊತ್ತಿರಲಿ, ಈ ವಯಸ್ಸಿನಲ್ಲಿ ಚಿಕ್ಕೋಡಿಯಿಂದ ಕೊಂಕಣದವರೆಗೆ ಮೋಟರ್‌ಸೈಕಲ್ ಹೊಡೆಯುವವನು ನಾನೊಬ್ಬನೇ. ಇನ್ನೊಬ್ಬ ಇದ್ದಾನಂತೆ, ನಾನು ನಂಬಿಲ್ಲ. ಆದರೆ ನಡುವೆ ಕೆಲವು ಕಾಲ ಹಿಂದಿನ ಸೀಟು ಖಾಲಿಯೇ ಇರುತ್ತಿತ್ತು; ತಪ್ಪು ನನ್ನದೇ. ಒಮ್ಮೆ ಯಡೂರಿಗೆ ಹೋಗುವಾಗ ಅಂಕಲಿ ಹತ್ತಿರ ನಮ್ಮಾಕೆ ಗುಳಿಗೆ ಕೇಳಿದಳು. ‘ಮನ್ಯಾಗ ಬಿಟ್ಟೀನಿ’ ಎಂದು ಮುಖ ಸಪ್ಪೆ ಮಾಡಿ ಆಟ ಆಡಿಸಿದೆ. ಆಮೇಲೆ ಸಾಮಾನಿಗೆ ಕಟ್ಟಿದ್ದ ಹಗ್ಗ ಬಿಚ್ಚಿ ಹುಡುಕಿದರೆ ನಿಜವಾಗಿಯೂ ಸಿಗಲಿಲ್ಲ. ರಸ್ತೆಬದಿಯಲ್ಲಿ ಸಂತೆ ಹರವಿ ಅರ್ಧ ತಾಸು ಹುಡುಕಿದ ಮೇಲೆ ರೇನ್‌ಕೋಟಿನ ತೋಳಿನಲ್ಲಿ ಡಬ್ಬಿ ಸಿಕ್ಕಿತು. ಅಷ್ಟರಲ್ಲಿ ಆಕೆಗೆ ತಲೆ ಸುತ್ತು ಬಂದಿತ್ತು.

“ನಿಮ್ಮ ಗಾಡಿಗೆ ಇನ್ನೊಮ್ಮೆ ಕಾಲ ಹಾಕಾಂಗಿಲ್ಲ,” ಎಂದವಳು ಬಸ್ಸು ಹತ್ತಿ ಮನೆಗೆ ಹೋದಳು. ಎರಡು ವರ್ಷ ಹಟ ಬಿಡಲಿಲ್ಲ.

ಆಕೆಯನ್ನು ಮತ್ತೆ ಕೂರಿಸಬೇಕೆಂದೇ, ಗಾಡಿಗೆ ಚರ್ಮದ ಚೀಲ ಹೊಲಿಸಲು ಅಥಣಿಗೆ ಹೋದೆ. ಕಮಲವ್ವ ಚಪ್ಪಲಿ ಹೊಲಿಯುವಾಕೆ. ಪಾದವನ್ನು ಕಾಗದದ ಮೇಲೆ ಇಡಿಸಿ ಸುತ್ತ ಪೆನ್ಸಿಲ್ ಆಡಿಸಿಯೇ ಅಳತೆ ತೆಗೆಯುತ್ತಾಳೆ. ಚೀಲಕ್ಕೂ ಅದೇ ಕಾನೂನು.

“ಏನೇನ್ ಒಯ್ತೀರಿ ಕಾಕಾ, ಎಲ್ಲಾ ಹಾಸ್ರಿ.”

ನಟ್ಟು ಬಿಚ್ಚುವ ಪಾನಾ, ಟಾರ್ಚು, ಥರ್ಮಾಸು, ಗುಳಿಗೆ ಡಬ್ಬಿ ಹಾಸಿದೆ. ಸುಮ್ಮನಿರಲಾರದೆ ಮನೆಯಿಂದ ಕದ್ದು ತಂದಿದ್ದ ಲಟ್ಟಣಿಗೆಯನ್ನೂ ಇಟ್ಟೆ.

“ಇದ್ಯಾಕ್ರಿ?”

“ನಾಯಿ ಬೆನ್ನ ಹತ್ತಿದ್ರ?”

ಆಕೆ ನಗಲಿಲ್ಲ. ಅದರ ಸುತ್ತಲೂ ಗೆರೆ ಎಳೆದಳು.

ಎಡಕ್ಕೊಂದು, ಬಲಕ್ಕೊಂದು ಚೀಲದ ಚಿತ್ರ ಬರೆದು ಕೊಟ್ಟು, “ಚಪ್ಪಲಿ ಹಂಗ ಜೋಡಿ! ಇಂಥಾ ತಲಿ ಇಡೀ ತಾಲೂಕಿನ್ಯಾಗ ಯಾರಿಗೈತಿ?” ಎಂದೆ.

“ಕಾಕು ಹೆಂಗ ಕುಂಡ್ರತಾರ?” ಎಂದು ನಮ್ಮಾಕೆಯ ಬಗ್ಗೆ ಕೇಳಿದಳು.

“ಸೀರಿ ಉಟ್ಟಾಕಿ. ಎರಡೂ ಕಾಲ ಎಡಕ್ಕ ಬಿಟ್ಟು ಕುಂಡ್ರತಾಳ.”

ಕಮಲವ್ವ ಎಡಚೀಲದ ಚಿತ್ರದ ಮೇಲೆ ಬೆರಳಿಟ್ಟಳು. “ಮತ್ತ ಕಾಲ ಎಲ್ಲಿಡಬೇಕು? ನಿಮ್ಮ ಹೆಗಲ ಮ್ಯಾಲ?”

ಊರಿಗೆಲ್ಲ ಟೋಪಿ ಹಾಕಿದವನು ನಾನು. ಲಟ್ಟಣಿಗೆಗೂ ಜಾಗ ಮಾಡಿದ್ದೆ. ಯಾರನ್ನು ಕೂರಿಸಲು ಇಷ್ಟೆಲ್ಲ ಹೂಡಿದ್ದೆನೋ ಆಕೆಯ ಕಾಲಿಗೇ ಜಾಗ ಇಟ್ಟಿರಲಿಲ್ಲ.

“ಕಾಕೂನ ಕರ್ಕೊಂಡ ಬರ್ರಿ. ಕಾಲ ನೋಡದೇ ಚಪ್ಪಲಿ ಹೊಲ್ಯಾಕಿ ಅಲ್ಲ ನಾ.”

ಮರುವಾರ ನಮ್ಮಾಕೆ ಬಂದಳು, ಬಸ್ಸಿನಲ್ಲಿ. ಬಸ್ಸಿನ ಹಿಂದೆ ನಾನು ಗಾಡಿ ಓಡಿಸಿಕೊಂಡು ಹೋದೆ. ಕಮಲವ್ವನ ಕಟ್ಟೆಯ ಮುಂದೆ ಆಕೆ ನಿಂತ ಗಾಡಿಯ ಮೇಲೆ ನನ್ನ ಹಿಂದೆ ಕೂತು, ಮೊದಲಿನಂತೆ ಬಲಗೈಯಿಂದ ನನ್ನ ಬೆಲ್ಟು ಹಿಡಿದಳು. ಕಮಲವ್ವ ಆ ಕೈಯನ್ನೇ ನೋಡಿದಳು.

“ಕಾಕೂನ ಕಿಸೆ ಇಲ್ಲೇ. ಕಾಕಾನ ಬೆಲ್ಟಿಗೆ, ಬೆನ್ನ ಹಿಂದ.”

ಎಡಚೀಲ ಹೋಯಿತು, ಅದರೊಂದಿಗೆ ನನ್ನ ಅರ್ಧ ಸಾಮಾನೂ ಹೋಯಿತು. ಗುಳಿಗೆ ಡಬ್ಬಿಯ ಪಕ್ಕದಲ್ಲಿ ನಮ್ಮಾಕೆ ಒಂದು ಬಟ್ಟೆಯ ಗಂಟು ಇಟ್ಟಳು. “ಇದರದೂ ಅಳತಿ ತಗೋವಾ. ಬಿಚ್ಚಬ್ಯಾಡ.”

“ಏನೈತಿ ಅದರಾಗ?” ಎಂದೆ.

“ಕಮಲವ್ವ ಕೇಳಿದಳೇನು?”

ಇವತ್ತು ಕೊಗನೊಳ್ಳಿ ದಾಟುವಾಗ ಬೆನ್ನ ಹಿಂದೆ ಕಿಸೆಯ ಬಕಲ್ ಬಿಚ್ಚಿದ ಸದ್ದಾಯಿತು. ಗಾಡಿ ನಿಲ್ಲಿಸಬೇಕೇ ಎಂದು ಕೇಳುವುದರೊಳಗೆ ಗುಳಿಗೆ ನುಂಗಿ ಆಗಿತ್ತು. ಆಮೇಲೆ ಕಟುಂ ಕುಟುಂ ಎಂದು ಏನೋ ಜಗಿಯುವ ಸದ್ದು.

“ಏನ್ ತಿನ್ನಾಕತ್ತೀ?”

“ರಸ್ತಾ ನೋಡ್ರಿ.”

ಕನ್ನಡಿ ತಿರುಗಿಸಿ ನೋಡಿದೆ. ಆಕೆ ಆಗಲೇ ಸೆರಗು ಅಡ್ಡ ಹಿಡಿದಿದ್ದಳು.